ರೈಟ್ ಹೇಳಬೇಕಾದವರು

ಪುತ್ತೂರಿನ ಆಸ್ಪತ್ರೆಯ ಆಯಾ ಗಿರಿಜಕ್ಕನಿಗೆ ಮಕ್ಕಳನ್ನು ಆಪರೇಷನ್ ಕೋಣೆಗೆ ಹೊತ್ತೊಯ್ಯುವುದೆಂದರೆ ಆಗದು. ಅಡಿಕೆ ಹಾಳೆಯ ಮೇಲೆ ಕೂರಿಸಿ, ಅದರ ತುದಿಯ ಗರಿಯ ಸೋಗೆ ಹಿಡಿದು, ಗುಂಡ್ಯದ ಘಾಟಿ ಹತ್ತುವ ಬಸ್ಸಿನಂತೆ ಗುರುಗುಟ್ಟುತ್ತ ಎಳೆದುಕೊಂಡೇ ಹೋಗಬೇಕು. ಅವಳು ಡ್ರೈವರು, ಮಗು ಕಂಡಕ್ಟರು. ಕ್ಲೋರೋಫಾರ್ಮಿನ ವಾಸನೆ ಬಂದೊಡನೆ ಕಂಡಕ್ಟರು "ಹೋಲ್ಡಾನ್" ಎಂದರೆ ಬಸ್ಸು ನಿಂತಿತು. "ರೈಟ್" ಎನ್ನುವ ತನಕ ಕಲೆಕ್ಟರು ಬಂದರೂ ಹೊರಡದು. ಬಾಗಿಲಲ್ಲಿ ಡಾಕ್ಟರು ಹಲ್ಲು ಕಡಿಯುತ್ತಾರೆ, ತಾಯಂದಿರು ಸೆರಗು ಕಚ್ಚುತ್ತಾರೆ. "ನಾನೆಂತ ಮಾಡುದು ಡಾಕ್ಟ್ರೇ, ಕಂಡಕ್ಟ್ರು ಹೇಳ್ಬೇಕಲ್ಲ?" ಎನ್ನುತ್ತಾಳೆ ಗಿರಿಜಕ್ಕ. ನಡುಗುತ್ತಿದ್ದ ಮಗು ಕೊನೆಗೆ ತಾನೇ ರೈಟ್ ಹೇಳಿ ಒಳಗೆ ಹೋಗುತ್ತದೆ. ವಾಪಸು ಬರುವ ಟ್ರಿಪ್ಪಿಗೆಂದು ಅವಳು ಹಾಳೆಯನ್ನು ಬಾಗಿಲ ಮುಂದಿಟ್ಟು, ಸೋಗೆ ಬಿಡದೆ ಕಾಯುತ್ತಾಳೆ. ಆಲೆಟ್ಟಿಯ ಪುಟ್ಟ ವಾಸಂತಿ ಒಳಗೇ ತೀರಿಕೊಂಡ ದಿನ, ಗುಡಿಸುವವನು ಆ ಹಾಳೆಯನ್ನು ತೆಗೆಯಲು ಬಂದ. ಗಿರಿಜಕ್ಕ ಮೆಲ್ಲಗೆ ಹೇಳಿದಳು: "ನಿಲ್ಲು ಮಾರಾಯ, ಅವಳು ಇನ್ನೂ ರೈಟ್ ಹೇಳ್ಲಿಲ್ಲ."