ಮಣಲಿ ಬಸ್ಸಿನಲ್ಲಿ ಅಂಬಕ್ಕ

ನಮ್ಮ ಮೇಲಿನ ಮನೆಯ ಭೋಜರಾಜ ಅವರಿಗೆ ಹೆಸರೊಂದು ಬಿಟ್ಟರೆ ರಾಜರ ಲಕ್ಷಣ ಇನ್ನೇನೂ ಇಲ್ಲ. ಲಿಫ್ಟ್ ಅಂದರೆ ಭಯ, ಹಲ್ಲಿನ ಡಾಕ್ಟರು ಅಂದರೆ ಭಯ. ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಾಯಿಸುವಾಗ ಬಾಲ್ಕನಿಗೆ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ತ್ರಿಪ್ಲಿಕೇನಿನ ನಮ್ಮ ಬೀದಿಗೆ ಅಡ್ಡ ಮಲಗುವ ಎಮ್ಮೆಯೊಂದಿದೆ. ಅದು ತಾನಾಗಿ ಎದ್ದು ಹೋಗುವವರೆಗೂ ಇವರು ಎದುರಿನ ಮೆಸ್ಸಿನಲ್ಲಿ ಕೂತು ಇನ್ನೊಂದು ಕಾಫಿ ಕುಡಿಯುತ್ತಾರೆ. ಇಂಥ ಮನುಷ್ಯ ಓದುವುದು ಮಾತ್ರ ದೆವ್ವದ ಕಾದಂಬರಿ. ಬೇರೆ ಏನು ಕೊಟ್ಟರೂ ಎರಡು ಪುಟಕ್ಕೆ ನಿದ್ದೆ.

ತಾತನ ಕಾಲದಲ್ಲಿ ರೈಲ್ವೆ ಕೆಲಸಕ್ಕೆಂದು ತುಮಕೂರಿನ ಕಡೆಯಿಂದ ಮದರಾಸಿಗೆ ಬಂದ ಮನೆತನ ಅದು. ಭೋಜರಾಜ ಮಣಲಿಯ ಒಂದು ಕೆಮಿಕಲ್ ಫ್ಯಾಕ್ಟರಿಯ ಸ್ಟೋರ್ಸಿನಲ್ಲಿದ್ದಾರೆ. ನಟ್ಟು, ಬೋಲ್ಟು, ವಾಲ್ವು ಕೊಡುವ ಕೆಲಸ. ಹೆಂಡತಿ ಸೀತಾ ಬ್ಯಾಂಕಿನ ಕೌಂಟರಿನಲ್ಲಿ. ಮಗಳು ತೇಜು ಕನ್ನಡದಲ್ಲಿ ಬೈಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ.

ತುಮಕೂರಿಗೆ ಮದುವೆ ಮುಂಜಿಗೆ ಹೋದಾಗಲೆಲ್ಲ ಭೋಜರಾಜ ತರುತ್ತಿದ್ದದ್ದು 'ಬಾವಿಮನೆ' ಎಂಬ ಮಾಲಿಕೆಯ ಪುಸ್ತಕಗಳನ್ನು. ಒಟ್ಟು ಐದು ಭಾಗ. ಬರೆದವರು ಯಾರೋ ನಿವೃತ್ತ ದನದ ಡಾಕ್ಟರು. ಹಾಗಾಗಿ ಆ ಕಥೆಯಲ್ಲಿ ಮನುಷ್ಯರು ಸಾಲುಸಾಲಾಗಿ ಸಾಯುತ್ತಾರೆ, ಒಂದು ಕರುವಿಗೂ ಏನೂ ಆಗುವುದಿಲ್ಲ. ಬಾವಿಗೆ ಬಿದ್ದು ಸತ್ತ ಅಂಬಕ್ಕ ಎಂಬ ಹೆಂಗಸು ಒದ್ದೆ ಸೀರೆಯಲ್ಲಿ ಬಂದು ಊರಿನವರ ಹಿತ್ತಲ ಬಾಗಿಲು ತಟ್ಟುತ್ತಾಳೆ. "ಸ್ವಲ್ಪ ಮಜ್ಜಿಗೆ ಇದ್ಯಾ?" ಅನ್ನುತ್ತಾಳೆ. ಕೊಟ್ಟವರು ಸಾಯುತ್ತಾರೆ. ಕೊಡದವರೂ ಸಾಯುತ್ತಾರೆ.

"ರೀ, ಜಿರಳೆ ಕಂಡ್ರೆ ಮಂಚ ಹತ್ತೋರು ನೀವು. ಇದನ್ನ ಯಾಕ್ರೀ ಓದ್ತೀರಾ?" ಎಂದು ಸೀತಾ ಒಮ್ಮೆ ಕೇಳಿದ್ದರು.

"ನೋಡು ಸೀತಾ, ಪುಸ್ತಕ ಮುಚ್ಚಿದ್ರೆ ಅಂಬಕ್ಕ ಒಳಗೇ ಇರ್ತಾಳೆ. ಜಿರಳೆ ಹಾಗಲ್ವಲ್ಲ. ದಿನಾ ಎಲ್ಲದಕ್ಕೂ ಹೆದರ್ತೀನಿ, ಹೆದರಿ ನಾಚ್ಕೋತೀನಿ. ಇದೊಂದ್ರಲ್ಲಿ ಹೆದರಿದ್ರೆ ದುಡ್ಡು ಕೊಟ್ಟಿದ್ದಕ್ಕೆ ಮೋಸ ಆಗ್ಲಿಲ್ಲ ಅಂತ ಖುಷಿ ಆಗುತ್ತೆ."

"ಪಾವಂ ಪಾ ನೀಂಗ" ಎಂದು ತೇಜು ಒಳಗಿನಿಂದ ಅಪ್ಪನ ಬಗ್ಗೆ ಮರುಕಪಟ್ಟಳು.

ಅವರು ಓದುತ್ತಿದ್ದದ್ದು ಬೆಳಗಿನ ಕಂಪನಿ ಬಸ್ಸಿನಲ್ಲಿ. ಒಂದು ದಿನ ಪುಟ ತಿರುಗಿಸುವ ಹೊತ್ತಿಗೆ ಪಕ್ಕದ ವಿಘ್ನೇಶ್ "ಸಾರ್" ಎಂದು ಭುಜ ಮುಟ್ಟಿದ. ಬಾಯ್ಲರ್ ವಿಭಾಗದ ವಿಘ್ನೇಶ್ ದಪ್ಪ ಮೀಸೆಯ, ಎರಡು ಸೀಟು ಬೇಕಾಗುವ ಆಳು. ಭೋಜರಾಜ ಕಿರುಚಿದ ಕಿರುಚಿಗೆ ಮುಂದಿನ ಸೀಟಿನವರ ಟಿಫಿನ್ ಡಬ್ಬಿಯಿಂದ ಇಡ್ಲಿ ಉರುಳಿತು.

"ಅಂಥದ್ದೇನಿದೆ ಸಾರ್ ಆ ಪುಸ್ತಕದಲ್ಲಿ?" ಎಂದು ವಿಘ್ನೇಶ್ ತಮಿಳಿನಲ್ಲಿ ಕೇಳಿದ.

ಭೋಜರಾಜ ಮರ್ಯಾದೆ ಉಳಿಸಿಕೊಳ್ಳಲು ಕಥೆಯನ್ನೇ ತಮಿಳಿನಲ್ಲಿ ಹೇಳತೊಡಗಿದರು. ರಾಯಪುರಂ ದಾಟುವಾಗ ಹಿಂದಿನ ಸೀಟಿನವರು ಕಿವಿಯ ವೈರು ಕಿತ್ತರು. ತೊಂಡಿಯಾರ್‌ಪೇಟೆಯಲ್ಲಿ ಯಾರೋ "ಸಾರ್, ಜೋರಾಗಿ" ಎಂದರು. ಒದ್ದೆ ಸೀರೆಯ ಅಂಬಕ್ಕ ಬಾಗಿಲು ತಟ್ಟಿ "ಕೊಂಜಂ ಮೋರ್ ಕಿಡೈಕುಮಾ?" ಎಂದು ಮಜ್ಜಿಗೆ ಕೇಳುವ ಹೊತ್ತಿಗೆ ಸರಿಯಾಗಿ ಫ್ಯಾಕ್ಟರಿ ಗೇಟು ಬಂತು. ಯಾರೂ ಇಳಿಯಲೊಲ್ಲರು. ವಾಚ್‌ಮನ್ ಬಂದು ಬಸ್ಸಿನ ಮೈ ಬಡಿದ. ಎಲ್ಲರೂ ಕಿರುಚಿದರು.

ಅಲ್ಲಿಂದ ದಿನವೂ ಅಂಬಕ್ಕ. ಬಸ್ಸಿನಲ್ಲಿ ಎರಡು ಪಕ್ಷವಾಯಿತು: ಮಜ್ಜಿಗೆ ಕೊಡಬೇಕು ಅನ್ನುವವರು, ಕೊಡಬಾರದು ಅನ್ನುವವರು. ಲ್ಯಾಬಿನ ಮಾಧವಿ ಮೇಡಂ "ಮೊಸರು ಕೊಟ್ಟು ನೋಡಬಹುದಿತ್ತಲ್ಲ, ಅದು ನಿಯಮದಲ್ಲಿಲ್ಲವಲ್ಲ" ಎಂದು ಮೂರನೇ ಪಕ್ಷ ಕಟ್ಟಿದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಮಜ್ಜಿಗೆ ಲೋಟ ಹಾಗೇ ಉಳಿಯತೊಡಗಿತು. ಅಡಿಗೆಯವರು ಹುಳಿ ಆಯಿತೇನೋ ಎಂದು ಹಾಲಿನ ವ್ಯಾಪಾರಿ ಜೊತೆ ಜಗಳವಾಡಿದರು. ಕೆಂಡದಂಥ ಬಾಯ್ಲರಿನ ಪಕ್ಕ ದಿನವಿಡೀ ನಿಲ್ಲುವ ವಿಘ್ನೇಶ್, ಮನೆಯ ಹಿತ್ತಲಿಗೆ ಒಂಟಿಯಾಗಿ ಹೋಗುವುದನ್ನು ಬಿಟ್ಟನಂತೆ. ಹಾಗೆಂದು ಬಹಳ ಹೆಮ್ಮೆಯಿಂದ ಹೇಳಿಕೊಂಡ.

ಎಡವಟ್ಟಾದದ್ದು ಡ್ರೈವರ್ ಮೋಹನ್‌ನಿಂದ. ಅಂಬಕ್ಕ ಬಾವಿಯೊಳಗಿಂದ ಸ್ಕೂಲ್ ಮೇಷ್ಟ್ರ ಹೆಸರು ಹಿಡಿದು ಕೂಗುತ್ತಿದ್ದಳು. ಎಡಕ್ಕೆ ಮಣಲಿಗೆ ತಿರುಗಬೇಕಾದ ಬಸ್ಸು ಸೀದಾ ಎಣ್ಣೂರಿನ ಕಡೆ ಹೋಯಿತು. ಇಡೀ ಬಸ್ಸಿನಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಬಲಕ್ಕೆ ಸಮುದ್ರ ಕಂಡಾಗ ಮಾಧವಿ ಮೇಡಂ "ಇವತ್ತು ಪಿಕ್ನಿಕ್ಕಾ?" ಎಂದರು.

ಸಾರಿಗೆ ವಿಭಾಗದ ಅಧಿಕಾರಿ ಗುರುಚರಣ ಭೋಜರಾಜರನ್ನೂ ಮೋಹನ್‌ನನ್ನೂ ಕರೆಸಿದರು. ಬಳ್ಳಾರಿಯಿಂದ ವರ್ಗವಾಗಿ ಬಂದ, ನಗು ಎಂಬುದನ್ನು ಊರಿನಲ್ಲೇ ಬಿಟ್ಟುಬಂದ ಮನುಷ್ಯ.

"ಏನ್ರೀ ಭೋಜರಾಜ್, ನಿಮ್ಮ ದೆವ್ವದ ಕಾಲಾಗ ಇಡೀ ಶಿಫ್ಟು ಲೇಟಾತಲ್ರೀ! ಓಡೋ ಬಸ್ಸಿನಾಗ ಇನ್ನ ಮ್ಯಾಲೆ ಕಥಿ ಹೇಳಂಗಿಲ್ಲ."

ಭೋಜರಾಜ ಬೆವರಿ ಒದ್ದೆಯಾಗಿಬಿಟ್ಟಿದ್ದರು. "ಆಯ್ತು ಸಾರ್" ಎಂದು ಹೊರಟವರು ಬಾಗಿಲಲ್ಲಿ ನಿಂತರು. ಅವರ ಜನ್ಮದಲ್ಲೇ ಮೊದಲ ಸಲ ಅಧಿಕಾರಿಯೊಬ್ಬರಿಗೆ ಎದುರು ಪ್ರಶ್ನೆ ಹಾಕಿದರು. "ಬಸ್ಸು ನಿಂತಿದ್ದಾಗ, ಸಾರ್?"

ಗುರುಚರಣ ಫೈಲಿನಿಂದ ತಲೆ ಎತ್ತಲಿಲ್ಲ. "ನಿಂತಾಗ ಏನರ ಮಾಡ್ಕೊರಿ."

ಆ ಒಂದು ಮಾತಿನಿಂದ ಆದದ್ದನ್ನು ಹೇಳಿದರೆ ನೀವು ನಂಬಲಾರಿರಿ. ಆ ದಾರಿಯಲ್ಲಿ ಹಾರ್ಬರಿಗೆ ಹೋಗುವ ಕಂಟೇನರ್ ಲಾರಿಗಳು ರೈಲಿನ ಹಾಗೆ ಸಾಲುಗಟ್ಟುತ್ತವೆ. ಬಸ್ಸಿನವರೆಲ್ಲ ವರ್ಷಾನುಗಟ್ಟಲೆ ಅವಕ್ಕೆ ಶಾಪ ಹಾಕಿದವರೇ. ಈಗ ದೂರದಲ್ಲಿ ಲಾರಿಯ ಸಾಲು ಕಂಡರೆ ಬಸ್ಸಿನಲ್ಲಿ ಚಪ್ಪಾಳೆ. "ನಿಂತಿತು, ನಿಂತಿತು, ಹೇಳಿ ಸಾರ್!" ಭೋಜರಾಜ ಬಿಟ್ಟಲ್ಲಿಂದ ಶುರು ಮಾಡುವರು, ಲಾರಿ ಹತ್ತಡಿ ಸರಿದರೆ ಬಾಯಿ ಮುಚ್ಚುವರು. ಅಂಬಕ್ಕನ ಕೈ ಮೇಷ್ಟ್ರ ಕತ್ತಿನ ಹತ್ತಿರ ಹೋಗಿ ಒಂದು ಸಿಗ್ನಲ್‌ನಿಂದ ಇನ್ನೊಂದು ಸಿಗ್ನಲ್‌ವರೆಗೆ ಅಲ್ಲೇ ನಿಂತಿರುತ್ತಿತ್ತು. ರಸ್ತೆ ಖಾಲಿಯಿದ್ದ ದಿನ ಎಲ್ಲರ ಮುಖವೂ ಜೋತುಬೀಳುತ್ತಿತ್ತು. ಒಮ್ಮೆ ಟ್ರಾಫಿಕ್ ಪೊಲೀಸರು ಮುತುವರ್ಜಿ ವಹಿಸಿ ಬಸ್ಸಿಗೆ ದಾರಿ ಬಿಡಿಸಿಕೊಟ್ಟಾಗ ವಿಘ್ನೇಶ್ ಕಿಟಕಿಯಿಂದ ಅವರಿಗೆ ಬೈದ.

ಹೀಗೆ ಐದು ಭಾಗ ಮುಗಿಯಿತು. ಐದನೆಯದರ ಕೊನೆಯಲ್ಲಿ ಅಂಬಕ್ಕ ಊರು ಬಿಟ್ಟು ಪೇಟೆಗೆ ಹೊರಟಿದ್ದಳು. ಆರನೆಯದು ಯಾವಾಗ ಎಂದು ಭೋಜರಾಜ ಪ್ರಕಾಶಕರಿಗೆ ಫೋನು ಹಚ್ಚಿದರೆ, "ಡಾಕ್ಟ್ರು ಬರೀತಾ ಇದಾರೆ, ಆದ್ರೆ ಮನೇಲಿ ಹಸು ಕರು ಹಾಕಿದೆ" ಎಂಬ ಉತ್ತರ ಬಂತು.

ಬಸ್ಸಿನವರು ಹಸುವಿನ ಕಷ್ಟ ಕೇಳುವ ಸ್ಥಿತಿಯಲ್ಲಿರಲಿಲ್ಲ. ಭೋಜರಾಜ ಧೈರ್ಯ ಮಾಡಿ ತಾವೇ ಮುಂದುವರಿಸಿದರು. ಅವರ ಅಂಬಕ್ಕ ಪೇಟೆಗೆ ಬಂದು, ಬಾಡಿಗೆ ಮನೆ ಹುಡುಕಿ, ವಿಳಾಸದ ದಾಖಲೆಗಾಗಿ ತಾಲೂಕು ಕಚೇರಿಯ ಸಾಲಿನಲ್ಲಿ ನಿಂತಳು.

"ಸಾರ್," ಎಂದ ವಿಘ್ನೇಶ್ ನೋವಿನಿಂದ, "ದೆವ್ವ ಕ್ಯೂನಲ್ಲಿ ನಿಲ್ಲುತ್ತಾ?"

"ಟೋಕನ್ ತಗೊಂಡಿದ್ಳಲ್ಲ" ಎಂದರು ಭೋಜರಾಜ.

ಅಂದು ಮೋಹನ್ ಕೂಡ ಖಾಲಿ ರಸ್ತೆ ಹುಡುಕಿ ಬಸ್ಸು ಓಡಿಸಿದ.

ಸಂಜೆ ಭೋಜರಾಜ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತ ತಮ್ಮ ಸೋಲನ್ನು ಹೇಳಿಕೊಂಡರು. ದೆವ್ವದ ಪುಸ್ತಕ ಮುಟ್ಟಿಯೂ ನೋಡದ ಸೀತಾ, ಒಗ್ಗರಣೆಗೆ ಸಾಸಿವೆ ಹಾಕುತ್ತ ಕೇಳಿಸಿಕೊಂಡರು.

"ಅವಳನ್ನ ಯಾಕ್ರೀ ಎಲ್ಲರ ಕಣ್ಣಿಗೂ ಬೀಳಿಸ್ತೀರಾ? ಕಂಡ್ರೆ ಭಯ ಹೋಯ್ತು. ಕೌಂಟರ್‌ನಲ್ಲಿ ನೋಡಿ, ಎದುರಿಗೆ ಕೂಗಾಡೋ ಕಸ್ಟಮರ್‌ಗೆ ನಾನು ಹೆದರಲ್ಲ. ಏನೂ ಮಾತಾಡ್ದೆ ಮೂಲೆ ಕುರ್ಚಿಲಿ ಕೂತು ನನ್ನೇ ನೋಡ್ತಿರ್ತಾರಲ್ಲ, ಅವರಿಗೆ ಹೆದರ್ತೀನಿ."

"ಮತ್ತೆ ಏನು ಮಾಡ್ಲಿ?"

"ಪೇಟೇಲಿ ಒಂದು ಫ್ಲ್ಯಾಟು. ಗಂಡ ಹೆಂಡತಿ ಮಾತ್ರ. ಬೆಳಿಗ್ಗೆ ಎದ್ದು ಬರ್ತಾರೆ. ಫ್ರಿಜ್‌ನಲ್ಲಿದ್ದ ಮಜ್ಜಿಗೆ ಪಾತ್ರೆ ತೊಳೆದು ಸಿಂಕ್ ಪಕ್ಕ ಬೋರಲು ಹಾಕಿದೆ. ಹೆಂಡತಿ ಅಂದ್ಕೋತಾಳೆ, ಪರವಾಗಿಲ್ಲ, ಗಂಡ ತೊಳೆದಿದಾರೆ. ಗಂಡ ಅಂದ್ಕೋತಾನೆ, ಹೆಂಡತಿ ತೊಳೆದಿದಾಳೆ. ಒಂದು ವಾರ ಹೀಗೇ ನಡೆಯುತ್ತೆ. ಆಮೇಲೆ ಒಂದಿನ ಕಾಫಿ ಕುಡೀತಾ ಒಬ್ರಿಗೊಬ್ರು ಥ್ಯಾಂಕ್ಸ್ ಹೇಳ್ತಾರೆ."

ಭೋಜರಾಜರ ಕೈಯಿಂದ ಬೀನ್ಸ್ ಜಾರಿತು. ನಿಧಾನಕ್ಕೆ ತಲೆ ತಿರುಗಿಸಿ ಸಿಂಕಿನ ಕಡೆ ನೋಡಿದರು. ಅಲ್ಲೊಂದು ಪಾತ್ರೆ ಬೋರಲಾಗಿತ್ತು.

"ಅದು ನಾನೇ ತೊಳೆದದ್ದು ರೀ" ಎಂದರು ಸೀತಾ.

"ಖಂಡಿತಾನಾ?"

ಮರುದಿನ ಕಂಟೇನರ್ ಲಾರಿಗಳ ನಡುವೆ ಈ ಕಥೆ ಹೇಳಿದಾಗ ಬಸ್ಸು ಉಸಿರು ಬಿಡಲಿಲ್ಲ. ಮಾಧವಿ ಮೇಡಂ ಮನೆಗೆ ಫೋನು ಮಾಡಿ ಪಾತ್ರೆ ಯಾರು ತೊಳೆದದ್ದೆಂದು ವಿಚಾರಿಸಿದರು. ತಾನೇ ಎಂದು ಗಂಡ ಒಪ್ಪಿಕೊಂಡಾಗ ಅವರ ಭಯ ಇನ್ನೂ ಹೆಚ್ಚಾಯಿತು. ಮದುವೆಯಾದಾಗಿನಿಂದ ಆತ ಲೋಟ ತೊಳೆದವನಲ್ಲವಂತೆ.

ಆಮೇಲೆ ಎಲ್ಲವೂ ಸೀತಾ ಹೇಳಿದ್ದೇ. ಬೆಳಗಿನ ಕಾಫಿಯ ಜೊತೆ ಅವರು ಒಂದಿಷ್ಟು ಹೇಳುವರು, ಭೋಜರಾಜ ಬೆವರು ಒರೆಸಿಕೊಂಡು ಬಸ್ಸಿಗೆ ಒಯ್ಯುವರು. ಕರು ದೊಡ್ಡದಾಗಿ ಡಾಕ್ಟರ ಆರನೇ ಭಾಗ ಬಂದದ್ದು ಮಳೆಗಾಲದ ಹೊತ್ತಿಗೆ. ಭೋಜರಾಜ ನಿಷ್ಠೆಯಿಂದ ಅದನ್ನೇ ಹೇಳಲು ಹೋದರು. ಅದರಲ್ಲಿ ಅಂಬಕ್ಕ ಪೇಟೆಯ ರಸ್ತೆಯ ನಡುವೆ ಕೂದಲು ಕೆದರಿಕೊಂಡು ಗಹಗಹಿಸಿ ನಗುತ್ತಾಳೆ.

"ಇದು ಅಂಬಕ್ಕನೇ ಅಲ್ಲ" ಎಂದು ವಿಘ್ನೇಶ್ ತೀರ್ಪು ಕೊಟ್ಟ. "ಬರೆದವರಿಗೆ ಅವಳ ಸ್ವಭಾವ ಗೊತ್ತಿಲ್ಲ."

ಬೇರೆ ದಾರಿ ಕಾಣದೆ ಭೋಜರಾಜ, ಇಷ್ಟು ದಿನ ಹೇಳಿದ್ದು ತಮ್ಮ ಮನೆಯವರದ್ದು ಎಂದು ಒಪ್ಪಿಕೊಂಡರು. ಹಾಗಾದರೆ ಅವರನ್ನೇ ಕರೆತನ್ನಿ ಎಂದು ಬಸ್ಸಿನವರು ಹಟ ಹಿಡಿದರು. ಈ ಕೋರಿಕೆಗೆ ಗುರುಚರಣರ ಒಪ್ಪಿಗೆಯೂ ಸಿಕ್ಕಿತು, ಆದರೆ ಒಂದು ಷರತ್ತಿನ ಮೇಲೆ: ಆ ದಿನ ಅಧಿಕಾರಿಗಳೂ ಬಸ್ಸಿನಲ್ಲಿ ಬರುತ್ತಾರೆ.

ಬ್ಯಾಂಕಿಗೆ ರಜೆಯಿರುವ ಎರಡನೇ ಶನಿವಾರಗಳಲ್ಲಿ ಈಗ ಸೀತಾ ಮಣಲಿ ಬಸ್ಸು ಹತ್ತುತ್ತಾರೆ. ಮಲ್ಲಿಗೆ ಮುಡಿದು, ಡ್ರೈವರನ ಹಿಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತು, ಬಸ್ಸು ನಿಂತಾಗ ಮೆಲ್ಲಗೆ, ಬಡ್ಡಿ ದರ ಹೇಳುವಷ್ಟೇ ಸಲೀಸಾಗಿ ಕಥೆ ಹೇಳುತ್ತಾರೆ. ಗುರುಚರಣ ಕಿಟಕಿಯ ಪಕ್ಕ ಸೆಟೆದು ಕೂತಿರುತ್ತಾರೆ. ಲಾರಿಗಳು ಸರಿದರೂ ಇನ್ನೊಂದು ನಿಮಿಷ ನಿಲ್ಲಿಸು ಎಂದು ಮೋಹನ್‌ಗೆ ಕೈಸನ್ನೆ ಮಾಡುವವರು ಅವರೇ. ಭೋಜರಾಜ ಮಾತ್ರ ಕೊನೆಯ ಸೀಟಿನಲ್ಲಿ ವಿಘ್ನೇಶನ ಪಕ್ಕ ಒತ್ತಿಕೊಂಡು, ಎರಡೂ ಕಿವಿಗೆ ಬೆರಳು ಹಾಕಿ, ಬೆರಳನ್ನು ಸ್ವಲ್ಪವೇ ಸ್ವಲ್ಪ ಸಡಿಲ ಬಿಟ್ಟುಕೊಂಡು ಕೂತಿರುತ್ತಾರೆ.