ಎರಡು ಬೆರಳಿನ ಸಂದು: ಶಹಾಪುರದಿಂದ ಖಾನಾಪುರಕ್ಕೆ

ಬೆಳಗಾವಿಯ ಶಹಾಪುರದಿಂದ ಖಾನಾಪುರಕ್ಕೆ ಬಸ್ಸಿನಲ್ಲಿ ಹೋದರೆ ಒಂದು ತಾಸಿನ ದಾರಿ. ನನ್ನ ತಮ್ಮ ಬಸುನ ಕಾರಿನಲ್ಲಿ ಅರ್ಧ ದಿನ ಹಿಡಿಯಿತು. ಏಪ್ರಿಲ್ ತಿಂಗಳು. ಹೊರಟದ್ದು ಒಂಬತ್ತಕ್ಕೆ, ಆಗಲೇ ಬೆನ್ನು ಸೀಟಿಗೆ ಅಂಟುತ್ತಿತ್ತು. ನನ್ನ ತೊಡೆಯ ಮೇಲೆ ಮದುವೆ ಹುಡುಗಿಗೆ ಹೊಲಿದ ಜಂಪರುಗಳ, ಅಂದರೆ ರವಿಕೆಗಳ, ಚೀಲ. ನಾನು ಹೊಲಿಗೆಯವಳು, ಏಳನೇ ಇಯತ್ತೆಗೆ ಶಾಲೆ ಬಿಟ್ಟು ಮಷಿನ್ನಿಗೆ ಕುಳಿತವಳು.

ಬಸು ಹೋದ ವರ್ಷ ಸ್ವಂತ ಗ್ಯಾರೇಜು ತೆರೆದಿದ್ದಾನೆ. ಕಾರಿನ ಮುಂದಿನ ಜಾಳಿಗೆಯಿಂದ ಬಂದ ಗಾಳಿ ರೇಡಿಯೇಟರಿನ ಒಳಗೆ ಹಾಯದೆ ಬಾಜುವಿನ ಸಂದಿಯಿಂದ ಜಾರಿಹೋಗುತ್ತದೆ, ಅದಕ್ಕೇ ಹಳೆಯ ಗಾಡಿಗಳು ಘಾಟಿಯಲ್ಲಿ ಬಿಸಿಯಾಗಿ ನಿಲ್ಲುತ್ತವೆ ಎಂಬುದು ಅವನ ವಾದ. ಜಾಳಿಗೆಯಿಂದ ರೇಡಿಯೇಟರಿನವರೆಗೆ ತಗಡಿನ ದಾರಿ ಮಾಡಿದ್ದ. ಇಂಜಿನ್ನಿನ ಕೆಳಗೆ ನುಣುಪಾದ ತಗಡು ಹೊದಿಸಿದ್ದ. ಬಿಸಿಗಾಳಿ ಹೊರಬೀಳಲು ಬಾನೆಟ್ಟಿನ ಮೇಲೆ ಎರಡು ಸೀಳು ಕೊರೆದಿದ್ದ. ಗಾಳಿ ಎತ್ತ ಹರಿಯುತ್ತದೆ ಎಂದು ನೋಡಲು ನನ್ನ ಡಬ್ಬಿಯ ಉಣ್ಣೆದಾರದ ತುಂಡುಗಳನ್ನು ಬಾನೆಟ್ ತುಂಬ ಅಂಟಿಸಿದ್ದ. ಅವು ಇನ್ನೂ ಅಲ್ಲೇ ಇದ್ದವು.

ಖಾನಾಪುರದ ಪುಂಡಲೀಕ ಮಾಮಾ ಗೋವಾ ಬಾಡಿಗೆಗೆ ಕಾರುಗಳನ್ನು ಇಟ್ಟವರು. ಈ ಕಾರು ಬಿಸಿಲಲ್ಲಿ ಎ.ಸಿ. ಹಾಕಿಕೊಂಡು ಬಿಸಿಯೇರದೆ ನಿಂತರೆ ತಮ್ಮ ಗಾಡಿಗಳ ಕೆಲಸವನ್ನೆಲ್ಲ ಬಸುಗೆ ಕೊಡುವುದಾಗಿ ಹೇಳಿದ್ದರು. ಕೊಡದಿದ್ದರೆ ಅವನು ಗ್ಯಾರೇಜು ಮುಚ್ಚಿ ಹಳೆಯ ಮಾಲಕನ ಬಳಿ ಮತ್ತೆ ಕೂಲಿಗೆ ಹೋಗಬೇಕು. ನನ್ನ ಚೀಲದಲ್ಲಿದ್ದದ್ದೂ ಆ ಮಾಮಾರ ಮಗಳು ಸವಿತಾಳ ಜಂಪರುಗಳೇ.

ನನ್ನ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಹಿಂದಿನ ಸಂಜೆ ಬಸು ದಪ್ಪ ಕಪ್ಪು ಸ್ಪಂಜಿನ ಪಟ್ಟಿಗಳನ್ನು ನನ್ನ ಕೈಗೆ ಕೊಟ್ಟಿದ್ದ. "ಅಕ್ಕಾ, ನಿನ್ನ ಕೈ ಸಣ್ಣದೈತಿ. ರೇಡಿಯೇಟರಿನ ಎರಡೂ ಬಾಜೂ ಸಂದ್ಯಾಗ ಇವನ್ನ ಬಿಗಿಯಾಗಿ ಹಚ್ಚು" ಎಂದಿದ್ದ. ಅದೇ ಹೊತ್ತಿಗೆ ನನ್ನಲ್ಲಿ ಜಂಪರಿನ ಒಳಗೆ ಇಡುವ ಸ್ಪಂಜು ಮುಗಿದಿತ್ತು, ಅಂಗಡಿ ಮುಚ್ಚಿತ್ತು. ಎರಡು ಬೆರಳಿನ ಸಂದಿಯಿಂದ ಏನಾದೀತು ಎಂದುಕೊಂಡೆ. ಪಟ್ಟಿ ಕತ್ತರಿಸಿ ಜಂಪರಿಗೆ ಹೊಲಿದೆ. "ಹಚ್ಚೀದೇನು?" ಎಂದು ಅವನು ಕೇಳಿದಾಗ "ಹಚ್ಚೀನಿ" ಎಂದೆ. ಅವನು ನಂಬಿ ಬಾನೆಟ್ ಹಾಕಿದ.

ಟಿಳಕವಾಡಿಯ ರೈಲು ಗೇಟಿನಲ್ಲೇ ಬಿಸಿ ತೋರಿಸುವ ಮುಳ್ಳು ಮೇಲೆದ್ದಿತು. ಬಸು ಎ.ಸಿ. ಆರಿಸಿ ಹೀಟರ್ ಹಾಕಿದ. ಇಂಜಿನ್ನಿನ ಬಿಸಿಯನ್ನು ಒಳಗೆ ಎಳೆದುಕೊಂಡರೆ ಮುಳ್ಳು ಇಳಿಯುತ್ತದಂತೆ. ಏಪ್ರಿಲ್ ಬಿಸಿಲಲ್ಲಿ ಹೀಟರ್! ಮುಖಕ್ಕೆ ಒಲೆಯ ಝಳ ಹೊಡೆದಂತಾಯಿತು. ಗೇಟು ಮುಚ್ಚಿತ್ತು, ಎಷ್ಟು ಕಾದರೂ ರೈಲು ಬೇಗ ಬರಲಿಲ್ಲ. ಬೈಯೋಣವೆಂದರೆ ಯಾರನ್ನು ಬೈಯುವುದು? ಕಾರಣ ನನ್ನ ತೊಡೆಯ ಮೇಲೆಯೇ ಇತ್ತು.

ಮಚ್ಛೆ ದಾಟಿ ರಸ್ತೆ ಬಿಡುವಾದ ಮೇಲೆ ಉಣ್ಣೆದಾರಗಳು ಬಾನೆಟ್ಟಿಗೆ ಅಂಟಿ ಮಲಗಿದವು. ಬಸು ದಾರ ನೋಡುವನು, ಮುಳ್ಳು ನೋಡುವನು. "ಮ್ಯಾಲಿನ ಗಾಳಿ ಬರೋಬ್ಬರಿ ಹರ್ಯಾಕತ್ತೈತಿ. ಮತ್ತ ಈ ಮುಳ್ಳಿಗೇನ್ ರೋಗ?" ಪಕ್ಕದಲ್ಲಿ ಬಂದ ಬೈಕಿನವನೊಬ್ಬ ದಾರಗಳನ್ನು ಕೂಸಿನ ಹುಟ್ಟುಗೂದಲೆಂಬಂತೆ ನೋಡಿ ಕೂಗಿದ: "ಅಣ್ಣಾ, ಕಾರಿಂದು ಇನ್ನಾ ಜಾವಳ ತೆಗಿಸಿಲ್ಲೇನ್ರಿ?" ಬಸು ನಗಲಿಲ್ಲ. ನನಗೂ ನಗು ಬರಲಿಲ್ಲ.

ದೇಸೂರಿನ ಹತ್ತಿರ ಮುಳ್ಳು ಕೆಂಪು ಗೆರೆ ಮುಟ್ಟಿತು. ಹುಣಸೆಮರದ ಕೆಳಗೆ ನಿಲ್ಲಿಸಿ ಬಾನೆಟ್ ಎತ್ತಿದೆವು. ತಂದ ನೀರು ಬಿಸಿಯಾಗಿತ್ತು. ಕೊನೆಗೆ ಬಸು ಫೋನ್ ತೆಗೆದ.

"ನನ್ನ ಲೆಕ್ಕಾನ ತಪ್ಪೈತಿ ಅಕ್ಕಾ. ಬರಂಗಿಲ್ಲ ಅಂತ ಮಾಮಾಗ ಹೇಳಿಬಿಡ್ತೀನಿ."

"ಫೋನ್ ಇಡು. ಬಾಜೂದ ಪಟ್ಟಿ ಹಚ್ಚಿಲ್ಲ."

"ಯಾರು ಹಚ್ಚಿಲ್ಲ?"

"ನಾನ."

"ಹಚ್ಚೀನಿ ಅಂದಿದ್ದಿ."

"ಅಂದಿದ್ದೆ."

"ಮತ್ತ ಎಲ್ಲಿ ಅದಾವು?"

ಚೀಲ ತೋರಿಸಿದೆ. "ಜಂಪರನ್ಯಾಗ."

ಅವನು ಬಾನೆಟ್ ನೋಡಿದ, ಚೀಲ ನೋಡಿದ. "ರೇಡಿಯೇಟರಿನ ಸ್ಪಂಜು ಮದಿವಿ ಹುಡುಗಿ ಎದಿಗೆ ಹಚ್ಚೀಯೇನ?" ಎಂದು ಚೀರಿದ. ಆಡು ಕಾಯುತ್ತಿದ್ದ ಹೆಂಗಸು ತಿರುಗಿ ನಿಂತು ನೋಡಿದಳು. ನಾನು ಅಲ್ಲೇ ಕುಳಿತು ಮೂರು ರೇಷ್ಮೆ ಜಂಪರುಗಳ ಹೊಲಿಗೆ ಬಿಚ್ಚಿದೆ. ಇಂಜಿನ್ ತಣ್ಣಗಾದ ಮೇಲೆ ಮೇಲಿನಿಂದ ಕೈ ಇಳಿಸಿ, ತಗಡಿಗೂ ರೇಡಿಯೇಟರಿಗೂ ನಡುವೆ ಆ ತುಂಡುಗಳನ್ನು ಒಂದರ ಮೇಲೊಂದು ತುರುಕಿದೆ. ತಗಡು ಬೆರಳನ್ನು ಕೊಯ್ದಿತು. ಬಸು ಸಹಾಯಕ್ಕೆ ಬರಲಿಲ್ಲ. ಅವನ ಕೈ ಅಲ್ಲಿ ಹಿಡಿಯುವಂತೆಯೂ ಇರಲಿಲ್ಲ.

ಖಾನಾಪುರ ಬರುವವರೆಗೆ ಮುಳ್ಳು ನಡುವೆಯೇ ನಿಂತಿತ್ತು.

ಮಾಮಾ ಕಾರನ್ನು ಅಂಗಳದ ಬಿಸಿಲಲ್ಲಿ ಎ.ಸಿ. ಹಾಕಿಸಿ ನಿಲ್ಲಿಸಿದರು. ನಾವು ಚಹಾ ಕುಡಿದೆವು, ಮಂಡಕ್ಕಿ ತಿಂದೆವು, ಮುಳ್ಳು ಕದಲಲಿಲ್ಲ. ಮಾಮಾ ಬಾನೆಟ್ ಎತ್ತಿಸಿ ಬಗ್ಗಿ ನೋಡಿದರು. "ಏ ಬಸು, ಇಂಜಿನ್ನ್ಯಾಗ ಕೆಂಪು ರೇಶ್ಮಿ ದಾರ ಯಾಕ ಜೋತಾಡಾಕತ್ತೈತಿ?"

"ನಮ್ಮಕ್ಕನ್ನ ಕೇಳ್ರಿ."

ಹೇಳಿದೆ. ಎಲ್ಲವನ್ನೂ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ಸವಿತಾ ಹಣೆ ಬಡಿದುಕೊಂಡಳು. "ಅಂದ್ರ ಲಗ್ನದಾಗ ನಾ ಗಾಡಿ ಸ್ಪಂಜು ಹಾಕ್ಕೊಂಡು ನಿಂದರ್ತಿದ್ನೇನ್ರಿ?" ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಬಸು ಕಡೆ ತಿರುಗಿ, "ಖರೇ ಹೇಳಬೇಕಂದ್ರ ಗಾಡಿ ಚಲೋ ನಿಂತೈತಿ. ಮೊದಲ ಒಂದ ಗಾಡಿ ಮಾಡು, ಗೋವಾ ಹಾದ್ಯಾಗಿನ ಚೋರ್ಲಾ ಘಾಟಿ ಏರಿ ತೋರಸಲಿ. ಆಮ್ಯಾಲೆ ಉಳಿದಾವು. ಆದ್ರ ಹಚ್ಚೀನಿ ಅಂದವರ ಮಾತು ಕೇಳಿ ಬಾನೆಟ್ ಮುಚ್ಚಬ್ಯಾಡ" ಎಂದರು. ಬೇರೆ ಸ್ಪಂಜು ಹಾಕಿ ಹೊಲಿದು ತರಲು ನಾನು ಜಂಪರುಗಳನ್ನು ಮತ್ತೆ ಚೀಲಕ್ಕೆ ತುಂಬಿದೆ.

ಹೊತ್ತು ಇಳಿದಾಗ ಹಿಂದಿರುಗಿದೆವು. ದೇಸೂರಿನ ಅದೇ ಮರದ ಕೆಳಗೆ ಬಸು ಕಾರು ನಿಲ್ಲಿಸಿದ. ಮುಳ್ಳು ಸರಿಯಾಗಿಯೇ ಇತ್ತು. ಇಳಿದು ಬಾನೆಟ್ ಎತ್ತಿ ಸಂದಿಗೆ ಕೈ ಹಾಕಲು ನೋಡಿದ. ಮಣಿಕಟ್ಟಿನ ತನಕವೂ ಹೋಗಲಿಲ್ಲ. ಫೋನಿನ ಬೆಳಕು ಬಿಟ್ಟ, ಕೆಳಗಿನದು ಕಾಣಲಿಲ್ಲ. ಆಮೇಲೆ ಬದಿಗೆ ಸರಿದು ನಿಂತ.

"ಅಕ್ಕಾ, ನೋಡು. ಎಲ್ಲಾ ಅದಾವಿಲ್ಲ?"

ಕೈ ಇಳಿಸಿ ಒಂದೊಂದನ್ನೂ ಒತ್ತಿ ನೋಡಿದೆ. "ಅದಾವ" ಎಂದೆ.

ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಬಾನೆಟ್ ಹಾಕಿದ.