ಊಟದ ಪಾಲಾದ ಕವಿತೆ

ಇದ್ದ ಮೀನನ್ನೆಲ್ಲ ಮಗನಿಗೆ ಬಡಿಸಿ ತಾನು ಹಸಿದಿರುತ್ತಿದ್ದ ತಾಯಿಯ ಕುರಿತು ನಾರ್ವೆಯ ಕವಿಯೊಬ್ಬರು ಬರೆದಿದ್ದ ಕವಿತೆಯನ್ನು ನಾನು ಕನ್ನಡಕ್ಕೆ ತಂದಿದ್ದೆ. ಅದನ್ನು ಕನ್ನಡದಲ್ಲಿ ಕೇಳಬೇಕೆಂದೇ ಆ ವೃದ್ಧ ಕವಿ ಬಂದರು. ಹಂಪಿ ನೋಡಿಕೊಂಡು ಕಂಪ್ಲಿಯ ಗೆಳತಿ ಗೌರಮ್ಮನ ಮನೆಯಲ್ಲಿ ಊಟ, ಆಮೇಲೆ ಓದು ಎಂದಿತ್ತು.

ತಟ್ಟೆಯಲ್ಲಿ ಅಗುಳು ಬಿಡುವುದು ಕವಿಗೆ ಪಾಪ. ಅತಿಥಿಯ ತಟ್ಟೆ ಖಾಲಿ ಕಾಣುವುದು ಗೌರಮ್ಮನಿಗೆ ಅವಮಾನ. ಇವರು ಬಳಿದು ಉಂಡಷ್ಟೂ ಅವರು ಬಡಿಸಿದರು.

“ಸಾಕಂತ್ರಿ ಅವರಿಗೆ,” ಎಂದೆ.

“ಸುಮ್ನಿರ್ರಿ ಅಕ್ಕಾರ. ತಾಟು ತೊಳೆದಂಗ ಐತಿ, ಸಾಕು ಅಂದ್ರ ಯಾರ್ ನಂಬ್ತಾರ?”

ರೈಲಿನ ಹೊತ್ತಾಯಿತು. “ಕವಿತೆ ಮುಂದಿನ ಸಲ,” ಎಂದು ಕವಿ ಕಷ್ಟಪಟ್ಟು ಕಾರು ಹತ್ತಿದರು. ಆ ಚಳಿಗಾಲದಲ್ಲೇ ತೀರಿಕೊಂಡರು.

ಸುದ್ದಿ ತಿಳಿಸಿದಾಗ ಗೌರಮ್ಮ, “ಊಟನಾರ ಹೊಟ್ಟಿತುಂಬ ಮಾಡಿದ್ರು ಬಿಡ್ರಿ,” ಎಂದರು.

ಕವಿ ಉಣ್ಣುವಾಗಲೇ ನಾನು ಓದಿಬಿಡಬೇಕಿತ್ತು. ಎದ್ದು ಹೋಗುವ ಸ್ಥಿತಿಯಲ್ಲಂತೂ ಅವರಿರಲಿಲ್ಲ.